ಬ್ಯಾನ್ ಆಯಿತೆಂದು ಪಾದರಸ ಎಸೆಯಬೇಡಿ

ಬಾಗಲಕೋಟೆ, ಜಮಖಂಡಿ, ಇಳಕಲ್ಲಿನ ಸಣ್ಣ ಆಸ್ಪತ್ರೆಗಳಿಗೆ ಉಪಕರಣ ತಪಾಸಣೆಗೆ ಹೋದಾಗೆಲ್ಲ ಈಗ ಇದೇ ಮಾತು: "ಪಾದರಸದ ಬಿಪಿ ಮಷೀನು ಬ್ಯಾನ್ ಆಗ್ಯಾವಲ್ರೀ ಸರ, ಎಲ್ಲಾ ತಗದು ಗುಜರಿಗೆ ಹಾಕಿಬಿಟ್ವಿ." ಕಾನೂನು ಪಾಲಿಸಿದ ನೆಮ್ಮದಿ ಅವರಿಗೆ. ನನಗೆ ಎದೆ ಧಸಕ್ಕೆನ್ನುತ್ತದೆ.

ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ ಮಿನಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಮರುವರ್ಷ ಒಪ್ಪಿಕೊಂಡ ಭಾರತ 2025ರವರೆಗೆ ಕಾಲಾವಕಾಶ ಇಟ್ಟುಕೊಂಡಿತು. ಒಪ್ಪಂದ ತಡೆಯುವುದು ಇಂಥ ಉಪಕರಣಗಳ ತಯಾರಿಕೆ, ಆಮದು, ರಫ್ತನ್ನು. ನಿಮ್ಮ ಕಪಾಟಿನಲ್ಲಿರುವುದನ್ನು ರಾತ್ರೋರಾತ್ರಿ ಹೊರಗೆ ಹಾಕಿ ಎಂದು ಅದು ಎಲ್ಲೂ ಹೇಳಿಲ್ಲ. ಹಾನಿಯಾಗದಂತೆ ವಿಲೇವಾರಿ ಮಾಡಿ ಎಂದಿದೆ. ಥರ್ಮಾಮೀಟರಿನಲ್ಲಿ ಇರುವುದು ಹೆಚ್ಚುಕಡಿಮೆ ಒಂದು ಗ್ರಾಂ, ಬಿಪಿ ಮಷೀನಿನಲ್ಲಿ ನೂರು ಗ್ರಾಮಿನ ಆಸುಪಾಸು. ಗುಜರಿಯವ ಡಬ್ಬಿ ಒಡೆದರೆ ಅಷ್ಟೂ ನೆಲಕ್ಕೆ.

ಇನ್ನು ಕೆಲವರು ಒಡೆದ ಥರ್ಮಾಮೀಟರನ್ನು ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ ಹಾಕುತ್ತಾರೆ. ಹಳದಿ ಚೀಲ ಸುಡುವುದಕ್ಕೆ ಹೋಗುತ್ತದೆ. ಎಷ್ಟು ಸಲ ಹೇಳಿದರೂ ಮತ್ತೆ ಹೇಳಬೇಕಾಗಿದೆ: ಪಾದರಸ ಮೂಲಧಾತು, ಸುಟ್ಟರೆ ನಾಶವಾಗುವುದಿಲ್ಲ. 357 ಡಿಗ್ರಿಗೆ ಕುದಿಯುತ್ತದೆ, ಆವಿಯಾಗಿ ಚಿಮಣಿ ಏರುತ್ತದೆ, ಎಲ್ಲೋ ಮಳೆಯ ಜೊತೆ ಇಳಿಯುತ್ತದೆ. ಕೆರೆ, ಜಲಾಶಯಗಳ ತಳದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿಸುತ್ತವೆ. ಅದು ಮೀನಿನಲ್ಲಿ ಕೂಡುತ್ತಾ ಹೋಗುತ್ತದೆ. ಒಪ್ಪಂದಕ್ಕೆ ಹೆಸರು ಕೊಟ್ಟ ಜಪಾನಿನ ಮಿನಮಾಟಾದ ಜನರ ನರಮಂಡಲ ಕೆಡಿಸಿದ್ದು, ಹೊಟ್ಟೆಯಲ್ಲಿದ್ದ ಕೂಸುಗಳನ್ನೂ ಬಿಡದಿದ್ದದ್ದು ಇದೇ ಮೀಥೈಲ್ ಪಾದರಸ. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಬಲೆ ಬೀಸಿ ಬದುಕುವ ಮನೆಗಳಿವೆ. ಅಲ್ಲಿ ಹಾಗಾಗಿದೆ ಎಂದು ನಾನು ಹೇಳುತ್ತಿಲ್ಲ, ಆಗಬಾರದು ಎನ್ನುತ್ತಿದ್ದೇನೆ.

ನವನಗರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಒಬ್ಬರು ಚೆಲ್ಲಿದ ಪಾದರಸವನ್ನು ಬರಿಗೈಯಲ್ಲಿ ಬಳಿದಿದ್ದರು. ಪಾದರಸ ಹತ್ತಿ ಬಂಗಾರದ ಉಂಗುರ ಬೆಳ್ಳಗಾಗಿತ್ತು. "ಪತ್ತಾರರ ಕಡೆ ಕಾಸಿಸಿದ್ರ ಮತ್ತ ಹಳದಿ ಆಕ್ಕೈತಂತ್ರೀ" ಎಂದರು. ಆಗುವುದೇನೋ ನಿಜ. ಆದರೆ ಉಂಗುರ ಬಿಟ್ಟ ಪಾದರಸ ಆವಿಯಾಗಿ ಹೋಗುವುದು ಉಂಗುರ ಕಾಸುವ ಪತ್ತಾರರ, ಅಂದರೆ ಅಕ್ಕಸಾಲಿಗರ, ಎದೆಗೆ. ಇದನ್ನು ಹೇಳಿದಾಗ ಉಂಗುರದ ಮಾತೇ ಬಿಟ್ಟರು. "ಬ್ಯಾಡ ಬಿಡ್ರಿ ಸರ, ಅಂವ್ಗ ಸಣ್ಣ ಮಕ್ಕಳದಾವ" ಅಂದರು. ಡಿಗ್ರಿ ಪಡೆದವರಿಗೆ ನಾನು ತಾಸುಗಟ್ಟಲೆ ಹೇಳಿದ್ದು ಆ ತಾಯಿಗೆ ಒಂದು ಮಾತಿನಲ್ಲಿ ತಿಳಿಯಿತು.

ಚೆಲ್ಲಿದರೆ ಕಸಬರಿಗೆ ಮುಟ್ಟಬೇಡಿ, ಹನಿಗಳು ಇನ್ನೂ ಸಣ್ಣದಾಗಿ ಒಡೆದು ಹರಡುತ್ತವೆ. ಜನರನ್ನು ಹೊರಗೆ ಕಳಿಸಿ, ಫ್ಯಾನ್ ಆರಿಸಿ, ಕಿಟಕಿ ತೆರೆಯಿರಿ. ಮೈಮೇಲಿನ ಬಂಗಾರ ತೆಗೆದಿಟ್ಟು, ಗ್ಲೌಸ್ ಹಾಕಿ, ರಟ್ಟಿನಿಂದ ಒಂದೆಡೆ ಕೂಡಿಸಿ, ಸಿರಿಂಜಿನಲ್ಲಿ ಎಳೆದು, ತುಸು ನೀರಿರುವ ಬಾಟಲಿಗೆ ಬಿಟ್ಟು ಬಿಗಿಯಾಗಿ ಮುಚ್ಚಿ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಬೇಗ ಆವಿಯಾಗುತ್ತದೆ, ತಡಮಾಡಬೇಡಿ.

ಹಳೆಯ ಮಷೀನುಗಳನ್ನು ಎಣಿಸಿ ರಿಜಿಸ್ಟರಿನಲ್ಲಿ ಬರೆದಿಡಿ. ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಯಾರಿಗಿದೆ ಎಂಬುದು ಬದಲಾಗಬಹುದು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ಕೇಳಿ. ಉತ್ತರ ಬರುವತನಕ ಬಿಸಿಲು ಬೀಳದ ಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಿಡಿ, ಕೀಲಿ ಒಬ್ಬರ ಕೈಯಲ್ಲೇ ಇರಲಿ.