ಪರದೆಯೋ, ಯಂತ್ರಬೊಂಬೆಯೋ: ಒರ್ಲ್ಯಾಂಡೊ ಥೀಮ್ ಪಾರ್ಕುಗಳ ಮುಗಿಯದ ತಕರಾರು

ಅಮೆರಿಕದ ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊದಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ಪಾರ್ಕು 1990ರಲ್ಲಿ ಆರಂಭವಾದಾಗ ಅಲ್ಲಿ 'ಅರ್ತ್‌ಕ್ವೇಕ್' ಎಂಬ ರೈಡ್ ಇತ್ತು. ಸುರಂಗ ರೈಲಿನಲ್ಲಿ ಕುಳಿತವರ ಕಣ್ಣೆದುರೇ ನಿಲ್ದಾಣದ ಚಾವಣಿ ಕುಸಿಯುತ್ತಿತ್ತು, ಮೇಲಿನ ರಸ್ತೆಯಿಂದ ಟ್ಯಾಂಕರ್ ಜಾರಿ ಬಂದು ಹೊತ್ತಿಕೊಳ್ಳುತ್ತಿತ್ತು, ಮೆಟ್ಟಿಲುಗಳ ಮೇಲಿಂದ ನೀರು ನುಗ್ಗುತ್ತಿತ್ತು. ಕೆಲವೇ ನಿಮಿಷಗಳಲ್ಲಿ ಚಾವಣಿ ಸ್ವಸ್ಥಾನಕ್ಕೆ ಮರಳಿ, ನೀರು ಇಳಿದು, ಮುಂದಿನ ತಂಡಕ್ಕೆ ಭೂಕಂಪ ಮತ್ತೆ ಸಿದ್ಧವಾಗುತ್ತಿತ್ತು. 2008ರಲ್ಲಿ ಅದು 'ಡಿಸಾಸ್ಟರ್!' ಎಂದು ಹೆಸರು ಬದಲಿಸಿಕೊಂಡಿತು. 2018ರಲ್ಲಿ ಅದೇ ಜಾಗದಲ್ಲಿ 'ಫಾಸ್ಟ್ ಅಂಡ್ ಫ್ಯೂರಿಯಸ್: ಸೂಪರ್‌ಚಾರ್ಜ್ಡ್' ಬಂತು. ಅದರಲ್ಲಿರುವುದು ಬಸ್ಸಿನಂಥ ವಾಹನ, ಎರಡೂ ಬದಿಗೆ ಉದ್ದನೆಯ ಪರದೆಗಳು, ಪರದೆಗಳ ಮೇಲೆ ಓಡುವ ಕಾರುಗಳು. ಥೀಮ್ ಪಾರ್ಕಿನ ಕಟ್ಟಾ ಅಭಿಮಾನಿಗಳು ಅದನ್ನು ಒಪ್ಪಿಕೊಳ್ಳಲೇ ಇಲ್ಲ. ಪರದೆ ನೋಡಲು ಸಿನಿಮಾ ಮಂದಿರವಿರುವಾಗ ಪಾರ್ಕಿನ ಟಿಕೆಟ್ ಯಾಕೆ ಕೊಳ್ಳಬೇಕೆಂಬುದು ಅವರ ನೇರ ಪ್ರಶ್ನೆಯಾಗಿತ್ತು.

ಈ ಪ್ರಶ್ನೆ 2018ರಲ್ಲಿ ಹುಟ್ಟಿದ್ದಲ್ಲ. ಅದರ ಬೇರು ಹುಡುಕುತ್ತ ಹೋದರೆ ಅಭಿಮಾನಿಗಳು ಹೇಳುವುದಕ್ಕಿಂತ ತುಸು ಬೇರೆಯಾದ ಕಥೆ ಸಿಗುತ್ತದೆ. ಪರದೆಗಳು ಬಂದದ್ದು ಕಂಪನಿಗಳ ಜಿಪುಣತನದಿಂದ ಮಾತ್ರವಲ್ಲ. ಅವಕ್ಕಿಂತ ಮೊದಲಿದ್ದ ಯಂತ್ರಬೊಂಬೆಗಳು ಪದೇ ಪದೇ ಕೈಕೊಟ್ಟಿದ್ದರಿಂದಲೂ ಹೌದು.

ಬಿಡದಿಯ ವಂಡರ್‌ಲಾ ಬಲ್ಲ ನಮ್ಮ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಅಲ್ಲಿ ರೈಡ್ ಎಂದರೆ ಮುಖ್ಯವಾಗಿ ವೇಗ, ಎತ್ತರ ಮತ್ತು ನೀರು. ಡಿಸ್ನಿ ಹಾಗೂ ಯೂನಿವರ್ಸಲ್ ಮಾದರಿಯ ಪಾರ್ಕುಗಳಲ್ಲಿ ರೈಡ್ ಒಂದು ಕಥೆಯೊಳಗೆ ಕೂರಿಸಿಕೊಂಡು ಹೋಗುವ ವಾಹನ. ಆದ್ದರಿಂದ ಅಲ್ಲಿನ ಅಭಿಮಾನಿಗಳ ಚರ್ಚೆ ಎಷ್ಟು ಭಯವಾಯಿತು ಎನ್ನುವುದಕ್ಕಿಂತ ಎಷ್ಟು ನಂಬಿಕೆ ಬಂತು ಎನ್ನುವುದರ ಸುತ್ತ ನಡೆಯುತ್ತದೆ.

1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಈ ನಂಬಿಕೆ ಹುಟ್ಟಿಸುವ ಸಾಧನಗಳು ಸರಳವಾಗಿದ್ದವು. ದೊಡ್ಡ ತಿರುವು ಬಂದದ್ದು 1963ರಲ್ಲಿ, 'ಎನ್‌ಚಾಂಟೆಡ್ ಟಿಕಿ ರೂಮ್' ಪ್ರದರ್ಶನದಲ್ಲಿ. ಧ್ವನಿಮುದ್ರಿಕೆಯ ತಾಳಕ್ಕೆ ಸರಿಯಾಗಿ ಕೊಕ್ಕು, ರೆಕ್ಕೆ ಆಡಿಸುವ ಹಕ್ಕಿಗಳನ್ನು ತಯಾರಿಸಿದ ಈ ವಿದ್ಯೆಗೆ ವಾಲ್ಟ್ ಡಿಸ್ನಿಯ ತಂಡ 'ಆಡಿಯೊ ಆನಿಮೇಟ್ರಾನಿಕ್ಸ್' ಎಂದು ಹೆಸರಿಟ್ಟಿತು. ಮರುವರ್ಷ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಅಬ್ರಹಾಂ ಲಿಂಕನ್ನರ ಯಂತ್ರಬೊಂಬೆ ಎದ್ದು ನಿಂತು ಭಾಷಣ ಮಾಡಿತು. 1967ರ 'ಪೈರೇಟ್ಸ್ ಆಫ್ ದ ಕೆರಿಬಿಯನ್' ಮತ್ತು 1969ರ 'ಹಾಂಟೆಡ್ ಮ್ಯಾನ್ಷನ್' ಈ ವಿದ್ಯೆಯ ಶಿಖರಗಳು. ಎರಡನೆಯದರಲ್ಲಿ ಒಂದರ ಹಿಂದೊಂದು ಸರಪಳಿಯಂತೆ ನಿಲ್ಲದೆ ಸಾಗುವ ಆಸನಗಳನ್ನು ನೋಡಬೇಕಾದ ದಿಕ್ಕಿಗೇ ತಿರುಗಿಸುವ ವ್ಯವಸ್ಥೆಯಿತ್ತು. ಇಂದಿಗೂ ಹಳೆಯ ತಲೆಮಾರಿನ ಅಭಿಮಾನಿಗಳು ಹೊಸದನ್ನೆಲ್ಲ ತೂಗುವುದು ಈ ಎರಡು ರೈಡ್‌ಗಳ ತಕ್ಕಡಿಯಲ್ಲೇ.

1987ರಲ್ಲಿ ಡಿಸ್ನಿಲ್ಯಾಂಡಿನಲ್ಲಿ 'ಸ್ಟಾರ್ ಟೂರ್ಸ್' ಬಂತು. ವಿಮಾನ ಚಾಲಕರ ತರಬೇತಿಗೆ ಬಳಸುತ್ತಿದ್ದ ಸಿಮ್ಯುಲೇಟರನ್ನು ಇಲ್ಲಿ ಮನರಂಜನೆಗೆ ತಿರುಗಿಸಲಾಯಿತು: ಕೋಣೆ ಇದ್ದಲ್ಲೇ ವಾಲುತ್ತದೆ, ಎದುರಿನ ಪರದೆಯಲ್ಲಿ ಆಕಾಶನೌಕೆ ಹಾರುತ್ತದೆ, ದೇಹ ಮತ್ತು ಕಣ್ಣು ಎರಡೂ ಒಂದೇ ಸುಳ್ಳನ್ನು ಹೇಳುತ್ತವೆ. ಚಿತ್ರ ಬದಲಿಸಿದರೆ ರೈಡೇ ಹೊಸದಾಗುತ್ತದೆ ಎಂಬುದು ಇದರ ದೊಡ್ಡ ಅನುಕೂಲ. 2011ರಲ್ಲಿ ಡಿಸ್ನಿ ಮಾಡಿದ್ದೂ ಅದನ್ನೇ. ಯಂತ್ರಬೊಂಬೆಗಳಿಂದ ತುಂಬಿದ ಕಟ್ಟಡವನ್ನು ಇಷ್ಟು ಸುಲಭವಾಗಿ ಬದಲಿಸಲಾಗುವುದಿಲ್ಲ.

ಇನ್ನೊಂದು ಕಡೆ, ಬೊಂಬೆಗಳನ್ನೇ ನಂಬಿ ಹೊರಟ ಯೂನಿವರ್ಸಲ್‌ಗೆ 1990ರ ಜೂನ್ 7ರ ಉದ್ಘಾಟನೆಯ ದಿನವೇ ಪೆಟ್ಟು ಬಿತ್ತು. ದೈತ್ಯ ವಾನರ ಕಿಂಗ್ ಕಾಂಗ್, ಭೂಕಂಪ ಮತ್ತು ಶಾರ್ಕ್ ಮೀನಿನ 'ಜಾಸ್' ಈ ಮೂರೂ ಪಾರ್ಕಿನ ಮುಖ್ಯ ಆಕರ್ಷಣೆಗಳಾಗಿದ್ದವು, ಮೂರೂ ಮೊದಲ ದಿನವೇ ಕೆಟ್ಟು ನಿಂತವು. ನೀರಿನೊಳಗೆ ಚುರುಕಾಗಿ ಚಲಿಸಿ ದೋಣಿಯ ಮೇಲೆರಗಬೇಕಿದ್ದ ಭಾರಿ ಶಾರ್ಕನ್ನು ನಿಭಾಯಿಸುವುದು ಎಷ್ಟು ಕಷ್ಟವಾಯಿತೆಂದರೆ, ಆ ರೈಡನ್ನು ಮುಚ್ಚಿ, ಬಹುಪಾಲು ಹೊಸದಾಗಿ ವಿನ್ಯಾಸಗೊಳಿಸಿ, 1993ರಲ್ಲಿ ಮತ್ತೆ ತೆರೆಯಬೇಕಾಯಿತು. 1991ರಲ್ಲಿ ಪರದೆ ಮತ್ತು ಸಿಮ್ಯುಲೇಟರ್ ಆಧಾರಿತ 'ಬ್ಯಾಕ್ ಟು ದ ಫ್ಯೂಚರ್' ಬಂದಾಗ ಆಡಳಿತಕ್ಕೆ ಯಾವುದು ಹಿತವೆನಿಸಿರಬೇಕು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಕಾಂಗ್‌ನ ಕಥೆಯಂತೂ ಇಡೀ ವಿವಾದದ ಚರಿತ್ರೆಯನ್ನೇ ಹೇಳುತ್ತದೆ. ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋ ಪ್ರವಾಸದಲ್ಲಿ 1986ರಿಂದ ಒಂದು ದೈತ್ಯ ಕಾಂಗ್ ಬೊಂಬೆಯಿತ್ತು. ಟ್ರಾಮ್ ಹತ್ತಿರ ಹೋದಾಗ ಅದರ ಬಾಯಿಂದ ಬಾಳೆಹಣ್ಣಿನ ವಾಸನೆ ಹೊಡೆಯುತ್ತಿತ್ತು. 2008ರ ಜೂನ್ 1ರ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ಅದರ ಬದಲಿಗೆ 2010ರಲ್ಲಿ ಬಂದದ್ದು ಬೊಂಬೆಯಲ್ಲ, ಟ್ರಾಮನ್ನು ಎರಡೂ ಬದಿಯಿಂದ ಆವರಿಸುವ ಬಾಗಿದ ಪರದೆಗಳ ತ್ರೀಡಿ ಪ್ರದರ್ಶನ. ಒರ್ಲ್ಯಾಂಡೊದ ಕಾಂಗ್ 2002ರಲ್ಲೇ ತೆರವಾಗಿ, ಆ ಜಾಗಕ್ಕೆ 'ದ ಮಮ್ಮಿ' ಚಿತ್ರದ ಕಥೆಯ ರೋಲರ್ ಕೋಸ್ಟರ್ ಬಂದಿತ್ತು. 2016ರಲ್ಲಿ ಪಕ್ಕದ ಪಾರ್ಕಿನಲ್ಲಿ ಕಾಂಗ್ ಮರಳಿದಾಗ ರೈಡಿನ ಬಹುಭಾಗ ಪರದೆಯೇ ಆಗಿತ್ತು, ಆದರೆ ಕೊನೆಯ ಕೋಣೆಯಲ್ಲಿ ನಿಜವಾದ ಬೃಹತ್ ಯಂತ್ರಬೊಂಬೆಯೊಂದು ಕಾದಿರುತ್ತದೆ. ಅಭಿಮಾನಿಗಳು ಇವತ್ತಿಗೂ ಹೊಗಳುವುದು ಆ ಕೊನೆಯ ಕೆಲವು ಕ್ಷಣಗಳನ್ನು.

ಹಾಗೆಂದು ಪರದೆಯೇ ಅಪರಾಧಿ ಎನ್ನುವ ವಾದಕ್ಕೆ 1999ರ ಸ್ಪೈಡರ್‌ಮ್ಯಾನ್ ರೈಡ್ ಅಡ್ಡ ನಿಂತಿದೆ. ಯೂನಿವರ್ಸಲ್‌ನ ಎರಡನೆಯ ಪಾರ್ಕಾದ ಐಲೆಂಡ್ಸ್ ಆಫ್ ಅಡ್ವೆಂಚರ್‌ನಲ್ಲಿರುವ ಈ ರೈಡಿನಲ್ಲಿ ವಾಹನವು ಹಳಿಯ ಮೇಲೆ ಮುಂದೆ ಸಾಗುತ್ತಲೇ ಸಿಮ್ಯುಲೇಟರಿನಂತೆ ವಾಲುತ್ತದೆ, ತಿರುಗುತ್ತದೆ. ವಾಹನ ಚಲಿಸಿದಂತೆ ನೋಡುವ ಕೋನವೂ ಬದಲಾಗುತ್ತದೆ. ಅದಕ್ಕೆ ಹೊಂದುವಂತೆ ಪರದೆಯ ಚಿತ್ರವನ್ನೂ ಕ್ಷಣಕ್ಷಣಕ್ಕೆ ಬಾಗಿಸಿ ಚಿತ್ರಿಸಲಾಗಿದೆ. ಪರದೆಯ ಸುತ್ತ ನಿಜವಾದ ಇಟ್ಟಿಗೆ ಗೋಡೆ, ಬೀದಿದೀಪ, ಬೆಂಕಿ, ನೀರು ಇರುವುದರಿಂದ ಸೆಟ್ ಎಲ್ಲಿ ಮುಗಿದು ಚಿತ್ರ ಎಲ್ಲಿ ಶುರುವಾಯಿತೆಂದು ಕಣ್ಣಿಗೆ ತಿಳಿಯುವುದಿಲ್ಲ. ಪರದೆಯನ್ನು ದೂರುವ ಅಭಿಮಾನಿಗಳಲ್ಲಿಯೇ ಬಹಳಷ್ಟು ಮಂದಿ ಇದನ್ನು ತಮ್ಮ ಮೆಚ್ಚಿನ ರೈಡ್‌ಗಳ ಸಾಲಿನಲ್ಲಿಡುತ್ತಾರೆ. ನನ್ನ ಮಟ್ಟಿಗೆ, ಸೂಪರ್‌ಚಾರ್ಜ್ಡ್ ಸೋತದ್ದು ಪರದೆ ಇದ್ದುದರಿಂದಲ್ಲ, ಅಲ್ಲಿ ಪರದೆ ಪರದೆಯಾಗಿಯೇ ಕಂಡದ್ದರಿಂದ.

2010ರ ಜೂನ್ 18ರಂದು ಅದೇ ಪಾರ್ಕಿನಲ್ಲಿ ಹ್ಯಾರಿ ಪಾಟರ್ ಲ್ಯಾಂಡ್ (ಪಾರ್ಕಿನೊಳಗಿನ ಪ್ರತ್ಯೇಕ ವಿಷಯಾಧಾರಿತ ಪ್ರದೇಶ) ತೆರೆಯಿತು. ಕಾರ್ಖಾನೆಗಳಲ್ಲಿ ಬಳಸುವ ಕೂಕಾ ಕಂಪನಿಯ ರೋಬಾಟ್ ತೋಳಿನ ತುದಿಗೆ ನಾಲ್ಕು ಜನರ ಆಸನ ಕಟ್ಟಿ, ಕೋಟೆಯೊಳಗೆ ಹಾರಿಸುವ ರೈಡ್ ಅದರ ಕೇಂದ್ರವಾಗಿತ್ತು. 2009ರಲ್ಲಿ ಸುಮಾರು 46 ಲಕ್ಷ ಎಂದು ಅಂದಾಜಾಗಿದ್ದ ಪಾರ್ಕಿನ ಸಂದರ್ಶಕರ ಸಂಖ್ಯೆ 2011ರ ಹೊತ್ತಿಗೆ 76 ಲಕ್ಷಕ್ಕೇರಿತು. ಆದರೆ ಆ ಜನ ಬಂದದ್ದು ರೋಬಾಟ್ ತೋಳಿಗಾಗಿ ಮಾತ್ರವಲ್ಲ. ಹಿಮ ಹೊದ್ದ ಮಾಡುಗಳ ಬೀದಿ, ಬಟರ್‌ಬಿಯರ್ ಪಾನೀಯ, ಅಂಗಡಿಯಲ್ಲಿ ಮಂತ್ರದಂಡ ಕೊಳ್ಳುವ ಸಂಭ್ರಮ ಇವೆಲ್ಲವೂ ಸೇರಿ ಸೆಳೆದವು. ಒಂದೇ ಕಥಾಲೋಕಕ್ಕೆ ಇಡೀ ಲ್ಯಾಂಡನ್ನು ಮೀಸಲಿಟ್ಟು, ಅಂಗಡಿ ಹೋಟೆಲುಗಳನ್ನೂ ಆ ಕಥೆಗೇ ಒಗ್ಗಿಸುವ ಪದ್ಧತಿ ಅಲ್ಲಿಂದ ಎಲ್ಲ ಕಂಪನಿಗಳ ಗುರಿಯಾಯಿತು. 2014ರಲ್ಲಿ ಯೂನಿವರ್ಸಲ್‌ನ ಮೊದಲ ಪಾರ್ಕಿನಲ್ಲಿ ಹ್ಯಾರಿ ಪಾಟರ್ ಕಥೆಯದೇ ಆದ ಡಯಾಗನ್ ಆಲಿ ಬೀದಿ ಬಂತು. ಅದು ಕುಳಿತದ್ದು 2012ರಲ್ಲಿ ಮುಚ್ಚಿದ 'ಜಾಸ್' ಇದ್ದ ಜಾಗದಲ್ಲಿ. ಡಿಸ್ನಿ 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರ್ಸ್ ಲ್ಯಾಂಡ್, 2017ರಲ್ಲಿ ಒರ್ಲ್ಯಾಂಡೊದಲ್ಲಿ ಅವತಾರ್ ಚಿತ್ರದ ಪ್ಯಾಂಡೋರಾ, 2019ರಲ್ಲಿ ಎರಡೂ ಕಡೆ ಸ್ಟಾರ್ ವಾರ್ಸ್‌ನ ಗ್ಯಾಲಕ್ಸೀಸ್ ಎಡ್ಜ್ ಕಟ್ಟಿತು.

ಇಲ್ಲಿಂದ ರೈಡ್ ತಂತ್ರಜ್ಞಾನದ ಜಗಳಕ್ಕೆ ಲ್ಯಾಂಡ್‌ಗಳ ಜಗಳವೂ ಕೂಡಿಕೊಂಡಿತು. ಡಿಸ್ನಿಲ್ಯಾಂಡಿನ ಮೊದಲ ಲ್ಯಾಂಡ್‌ಗಳು ಸಾಹಸ, ಗಡಿನಾಡು, ಕಿನ್ನರಲೋಕ, ನಾಳಿನ ಜಗತ್ತು ಎಂಬಂಥ ವಿಶಾಲವಾದ ಕಲ್ಪನೆಗಳಾಗಿದ್ದವು. ಯಾವ ಕಥೆಯಾದರೂ ಅವುಗಳಲ್ಲಿ ಸೇರಿಕೊಳ್ಳಬಹುದಿತ್ತು. ಒಂದೇ ಸಿನಿಮಾದ ಲ್ಯಾಂಡ್ ಹಾಗಲ್ಲ. ಗ್ಯಾಲಕ್ಸೀಸ್ ಎಡ್ಜನ್ನು ಸರಣಿಯ ಹೊಸ ಚಿತ್ರಗಳ ನಡುವಿನ ಸಣ್ಣ ಕಾಲಾವಧಿಯಲ್ಲಿ ನಿಲ್ಲಿಸಿದ್ದರಿಂದ, ಜನ ಪ್ರೀತಿಸುವ ಹಳೆಯ ನಾಯಕರಿಗೆ ಅಲ್ಲಿ ಜಾಗವೇ ಇರಲಿಲ್ಲ. ಅಭಿಮಾನಿಗಳು ಮೊದಲ ದಿನದಿಂದ ಇದನ್ನು ಟೀಕಿಸಿದರು. ಆರು ವರ್ಷಗಳ ನಂತರ, 2025ರಲ್ಲಿ, ಕ್ಯಾಲಿಫೋರ್ನಿಯಾದ ಲ್ಯಾಂಡಿನಲ್ಲಿ ಆ ಕಾಲಮಿತಿಯನ್ನು ಸಡಿಲಿಸುವುದಾಗಿ ಡಿಸ್ನಿ ಪ್ರಕಟಿಸಿತು.

ಆದರೂ ಅಭಿಮಾನಿಗಳ ಮಾತನ್ನು ಕಂಪನಿಗಳು ಕೇಳುತ್ತವೆ ಎಂದು ಸಾರಾಸಗಟಾಗಿ ಹೇಳಲಾಗದು. ಒರ್ಲ್ಯಾಂಡೊದಲ್ಲಿರುವ ಡಿಸ್ನಿಯ ಮ್ಯಾಜಿಕ್ ಕಿಂಗ್ಡಮ್ ಪಾರ್ಕಿನ 'ಮಿಸ್ಟರ್ ಟೋಡ್ಸ್ ವೈಲ್ಡ್ ರೈಡ್' ಮುಚ್ಚುತ್ತದೆಂಬ ಸುದ್ದಿ 1997ರಲ್ಲಿ ಹಬ್ಬಿದಾಗ ಅದರ ಪ್ರೇಮಿಗಳು ಪಾರ್ಕಿನಲ್ಲೇ ಒಟ್ಟುಗೂಡಿ ಶಾಂತವಾಗಿ ಪ್ರತಿಭಟಿಸಿದರು. 1998ರ ಸೆಪ್ಟೆಂಬರಿನಲ್ಲಿ ಅದು ಮುಚ್ಚಿಯೇ ಮುಚ್ಚಿತು. ಅಲ್ಲಿನ ಡಿಸ್ನಿಯದೇ ಆದ ಎಪ್‌ಕಾಟ್ ಪಾರ್ಕಿನಲ್ಲಿ 1999ರ ನವೀಕರಣ ಫಿಗ್ಮೆಂಟ್ ಎಂಬ ನೇರಳೆ ಡ್ರ್ಯಾಗನ್ ಪಾತ್ರವನ್ನು ಬಹುಮಟ್ಟಿಗೆ ಕೈಬಿಟ್ಟಾಗ ಎದ್ದ ಸಿಟ್ಟಿಗೆ ಮಾತ್ರ ಫಲ ಸಿಕ್ಕಿತು: 2002ರಲ್ಲಿ ಅದು ವಾಪಸು ಬಂತು. ಪಾತ್ರವೊಂದನ್ನು ಮರಳಿ ತರುವುದಕ್ಕಿಂತ ಕೆಡವಿದ ಕಟ್ಟಡವನ್ನು ಮರಳಿ ಕಟ್ಟುವುದು ಬಹಳ ದುಬಾರಿ.

ನಂಬಿಕೆ ಕಳೆದುಕೊಂಡ ಇನ್ನೊಂದು ಬೊಂಬೆಯನ್ನು ಹೆಸರಿಸದೆ ಈ ಚರಿತ್ರೆ ಪೂರ್ಣವಾಗದು. 2006ರಲ್ಲಿ ಡಿಸ್ನಿಯ ಅನಿಮಲ್ ಕಿಂಗ್ಡಮ್‌ನಲ್ಲಿ ತೆರೆದ 'ಎಕ್ಸ್‌ಪೆಡಿಷನ್ ಎವರೆಸ್ಟ್' ಕೋಸ್ಟರಿನ ಕೊನೆಯಲ್ಲಿ ಏಳು ಮೀಟರಿಗೂ ಎತ್ತರದ ಯೇತಿಯೊಂದು ಸವಾರರತ್ತ ಕೈಬೀಸುತ್ತಿತ್ತು. ಕೆಲಕಾಲದಲ್ಲೇ ಅದರ ಚಲನೆ ನಿಂತಿತು. ಅಂದಿನಿಂದ ಬೊಂಬೆ ಅಲುಗಾಡುವ ಭ್ರಮೆ ಹುಟ್ಟಿಸಲು ಮಿಣುಕುವ ಬೆಳಕನ್ನಷ್ಟೇ ಬಿಡಲಾಗುತ್ತಿದೆ. ಅಭಿಮಾನಿಗಳು ಅದಕ್ಕೆ 'ಡಿಸ್ಕೊ ಯೇತಿ' ಎಂದು ಅಡ್ಡಹೆಸರಿಟ್ಟರು. ಯಂತ್ರ ಕೆಟ್ಟಾಗ ಅದಿಲ್ಲದೆಯೇ ರೈಡ್ ನಡೆಸುವ ವ್ಯವಸ್ಥೆಗೆ ಅವರ ನಡುವೆ 'ಬಿ ಮೋಡ್' ಎಂಬ ಮಾತಿದೆ. 2019ರ ಡಿಸೆಂಬರಿನಲ್ಲಿ ಒರ್ಲ್ಯಾಂಡೊದ ಗ್ಯಾಲಕ್ಸೀಸ್ ಎಡ್ಜ್‌ಗೆ ಬಂದ 'ರೈಸ್ ಆಫ್ ದ ರೆಸಿಸ್ಟೆನ್ಸ್' ರೈಡಿನಲ್ಲಿ ಹಳಿಯಿಲ್ಲದ ವಾಹನ, ಯಂತ್ರಬೊಂಬೆ, ಪರದೆ, ಕೆಳಗಿಳಿಯುವ ವಾಹನ ಎಲ್ಲವೂ ಒಟ್ಟಿಗಿರುವುದರಿಂದ ಯಾವ ದಿನ ಯಾವುದು ಬಿ ಮೋಡಿನಲ್ಲಿದೆ ಎಂಬುದೇ ಚರ್ಚೆಯ ವಿಷಯ. ವರ್ಷದ ಪಾಸ್ ಹೊಂದಿ ಒಂದೇ ರೈಡಿಗೆ ಮತ್ತೆ ಮತ್ತೆ ಹೋಗುವವರಿಗೆ ಮಾತ್ರ ಇಂಥ ಕೊರತೆಗಳು ಎದ್ದು ಕಾಣುತ್ತವೆ. ಜೀವನದಲ್ಲಿ ಒಮ್ಮೆ ಬರುವ ಕುಟುಂಬಕ್ಕೆ ಗೊತ್ತೇ ಆಗದಿರಬಹುದು. ಆ ಅರ್ಥದಲ್ಲಿ ಅಭಿಮಾನಿಗಳು ಪಾರ್ಕಿನ ಸಂಬಳವಿಲ್ಲದ ತಪಾಸಣಾಧಿಕಾರಿಗಳು, ಕೆಲವೊಮ್ಮೆ ಅನಗತ್ಯವಾಗಿ ಕಠೋರರೂ ಹೌದು.

ಸೂಪರ್‌ಚಾರ್ಜ್ಡ್ ನಂತರ ಯೂನಿವರ್ಸಲ್‌ನ ಧೋರಣೆ ಬದಲಾದದ್ದು ಸ್ಪಷ್ಟವಾಗಿ ಕಾಣುತ್ತದೆ. 2019ರ ಹ್ಯಾಗ್ರಿಡ್ ಮೋಟಾರ್‌ಬೈಕ್ ಕೋಸ್ಟರ್ ಬಯಲಿನ ಕಾಡಿನಲ್ಲಿ ಯಂತ್ರಬೊಂಬೆಗಳ ನಡುವೆ ಓಡುತ್ತದೆ. 2021ರ ವೆಲಾಸಿಕೋಸ್ಟರ್ ಪರದೆಗಳನ್ನು ನೆಚ್ಚಿಕೊಂಡಿಲ್ಲ. 2025ರ ಮೇ 22ರಂದು ತೆರೆದ ಎಪಿಕ್ ಯೂನಿವರ್ಸ್ ಪಾರ್ಕಿನ ಐದು ಲೋಕಗಳಲ್ಲಿ ಒಂದಾದ ಡಾರ್ಕ್ ಯೂನಿವರ್ಸ್‌ನಲ್ಲಿ, ಹದಿನೈದು ವರ್ಷಗಳ ಹಿಂದಿನ ಅದೇ ರೋಬಾಟ್ ತೋಳನ್ನು ಈ ಸಲ ಯಂತ್ರಬೊಂಬೆಗಳ ಮಧ್ಯೆ ಒಯ್ಯಲಾಗುತ್ತದೆ. ಬೊಂಬೆಗಳೂ ಬದಲಾಗಿವೆ: ಎಣ್ಣೆಯ ಒತ್ತಡದಿಂದ ನಡೆಯುತ್ತಿದ್ದವುಗಳ ಬದಲಿಗೆ ವಿದ್ಯುತ್ ಮೋಟಾರಿನವು ಬಂದಿರುವುದರಿಂದ ಸೋರಿಕೆಯ ತೊಂದರೆ ತಪ್ಪಿದೆ, ಚಲನೆ ನಯವಾಗಿದೆ.

ಡಿಸ್ನಿಯಲ್ಲಿ ಈಗಿನ ತಕರಾರು ಹೆಚ್ಚಾಗಿ ಲ್ಯಾಂಡ್‌ಗಳದ್ದೇ. ಪಾರ್ಕು ಮತ್ತು ಹಡಗುಗಳಿಗೆ ಹತ್ತು ವರ್ಷಗಳಲ್ಲಿ ಸುಮಾರು 6,000 ಕೋಟಿ ಡಾಲರ್ ಹೂಡುವುದಾಗಿ ಕಂಪನಿ 2023ರಲ್ಲಿ ಹೇಳಿತು. 2024ರ ಆಗಸ್ಟಿನಲ್ಲಿ ಯೋಜನೆಗಳ ಪಟ್ಟಿ ಹೊರಬಂತು. ಅದರ ಪ್ರಕಾರ ಮ್ಯಾಜಿಕ್ ಕಿಂಗ್ಡಮ್‌ನಲ್ಲಿ ಕಾರ್ಸ್ ಚಿತ್ರದ ಪ್ರದೇಶ ಮತ್ತು ಖಳನಾಯಕರಿಗಾಗಿಯೇ ಮೀಸಲಾದ ವಿಲನ್ಸ್ ಲ್ಯಾಂಡ್ ಬರಬೇಕು. ಕಾರ್ಸ್‌ಗೆ ಜಾಗ ಬಿಡಲು ರಿವರ್ಸ್ ಆಫ್ ಅಮೆರಿಕ ಎಂಬ ಕೃತಕ ನದಿ, ಅದರ ಉಗಿ ದೋಣಿ, ಟಾಮ್ ಸಾಯರ್ ದ್ವೀಪ ಇವು 2025ರ ಜುಲೈ 6ರಂದು ಕೊನೆಯ ಬಾರಿ ಸಂದರ್ಶಕರನ್ನು ಕಂಡವು. ಉದ್ದನೆಯ ಕ್ಯೂ ಇಲ್ಲದ, ಮಕ್ಕಳು ಮನಸೋಇಚ್ಛೆ ಓಡಾಡಬಹುದಾದ, ಸುಮ್ಮನೆ ನೀರು ನೋಡುತ್ತ ಕೂರಬಹುದಾದ ಜಾಗವನ್ನು ಕಳೆದುಕೊಂಡರೆ ಪಾರ್ಕು ಬರಿಯ ರೈಡ್‌ಗಳ ಗುಚ್ಛವಾಗುತ್ತದೆ ಎಂಬುದು ವಿರೋಧಿಗಳ ವಾದ. ಹತ್ತು ಮಂದಿ ಹತ್ತುತ್ತಿದ್ದ ದೋಣಿಗಾಗಿ ಇಷ್ಟು ಎಕರೆ ಯಾಕೆ ಎಂಬುದು ಇನ್ನೊಂದು ಬಣದ ಮಾತು. ಬಿಸಿಲು ಸುಡುವ ಫ್ಲಾರಿಡಾದಲ್ಲಿ ನೆರಳು, ನೀರು, ಕೂರುವ ಕಟ್ಟೆ ಎಲ್ಲವೂ ತಂತ್ರಜ್ಞಾನದಷ್ಟೇ ಮುಖ್ಯ. ಎಪಿಕ್ ಯೂನಿವರ್ಸ್ ತೆರೆದಾಗ ಬಂದ ಮೊದಲ ದೂರುಗಳಲ್ಲಿ ನೆರಳಿನ ಕೊರತೆಯೂ ಇತ್ತು ಎಂಬುದನ್ನು ಗಮನಿಸಿದರೆ ಮೊದಲ ಬಣದ ಆತಂಕ ಬರಿಯ ಹಳೆಯ ನೆನಪಿನ ಮೋಹವಲ್ಲ.

ಅನಿಮಲ್ ಕಿಂಗ್ಡಮ್‌ನ ಡೈನೋಲ್ಯಾಂಡ್ ಜಾಗಕ್ಕೆ 2027ರಲ್ಲಿ ಎನ್‌ಕ್ಯಾಂಟೊ ಮತ್ತು ಇಂಡಿಯಾನಾ ಜೋನ್ಸ್ ಕಥೆಗಳ ಲ್ಯಾಂಡ್ ಬರಲಿದೆ. ಒರ್ಲ್ಯಾಂಡೊದಲ್ಲೇ ಇರುವ ಡಿಸ್ನಿಯ ಹಾಲಿವುಡ್ ಸ್ಟುಡಿಯೋಸ್ ಪಾರ್ಕಿನಲ್ಲಿ 1991ರಿಂದ ನಡೆದ, ಮಪೆಟ್ ಎಂಬ ಕೈಗೊಂಬೆ ಪಾತ್ರಗಳ ತ್ರೀಡಿ ಪ್ರದರ್ಶನ 2025ರ ಜೂನಿನಲ್ಲಿ ನಿಂತು, ಮಾನ್ಸ್ಟರ್ಸ್ ಇಂಕ್ ಲ್ಯಾಂಡಿಗೆ ದಾರಿ ಬಿಟ್ಟಿತು. ಅಲ್ಲಿ ಬರುವ ಬಾಗಿಲುಗಳ ಕೋಸ್ಟರ್ ಹಳಿಯ ಕೆಳಗೆ ತೂಗಿಕೊಂಡು ಸಾಗುವ ಡಿಸ್ನಿಯ ಮೊದಲ ಕೋಸ್ಟರ್ ಆಗಲಿದೆ. ವಿಲನ್ಸ್ ಲ್ಯಾಂಡಿನಲ್ಲಿ ಎರಡು ದೊಡ್ಡ ರೈಡ್‌ಗಳಿರುತ್ತವೆ ಎಂದು 2024ರ ಪ್ರಕಟಣೆ ತಿಳಿಸಿತ್ತು, ಆದರೆ ಜೊತೆಗೆ ಬಿಡುಗಡೆಯಾದ ಚಿತ್ರಗಳಲ್ಲಿ ಕಾಣುವುದು ಮುಳ್ಳುಬಳ್ಳಿ ಹಬ್ಬಿದ ಗೋಪುರಗಳು ಮಾತ್ರ. ಆ ಗೋಪುರಗಳ ಒಳಗೆ ಪರದೆಯಿರುತ್ತದೋ, ಬೊಂಬೆಯಿರುತ್ತದೋ, ಬೊಂಬೆ ಇದ್ದರೆ ಅದು ಹತ್ತನೆಯ ವರ್ಷದಲ್ಲೂ ಕೈಯಾಡಿಸುತ್ತಿರುತ್ತದೋ ಎಂಬುದನ್ನು ಯಾವ ಕಲ್ಪನಾಚಿತ್ರವೂ ತೋರಿಸುವುದಿಲ್ಲ.