ಆತ್ಮಗೌರವ: ಗೌರವವೆಂದರೆ ತೂಕವೇ, ಆದರೆ ಯಾವ ತೂಕ?

ಹದಿಹರೆಯದ ಹುಡುಗಿಯರಲ್ಲಿ ‘ಆತ್ಮಗೌರವ ಬೆಳೆಸುವ’ ಶಿಬಿರವೊಂದರ ಆಹ್ವಾನಪತ್ರಿಕೆ ಈಚೆಗೆ ಕೈಗೆ ಬಂತು. ಒಳಗೆ ನೋಡಿದರೆ ಮೊದಲ ಅವಧಿ ಚರ್ಮದ ಆರೈಕೆ, ಎರಡನೆಯದು ಮೈಕಟ್ಟಿಗೆ ಒಪ್ಪುವ ಉಡುಪಿನ ಆಯ್ಕೆ, ಮೂರನೆಯದು ನಡಿಗೆ ಮತ್ತು ನಿಲುವು. ಇವನ್ನು ಕಲಿಯುವುದು ತಪ್ಪಲ್ಲ. ಆದರೆ ಇದರಲ್ಲಿ ಆತ್ಮಗೌರವ ಎಲ್ಲಿದೆ ಎಂದು ಪತ್ರಿಕೆಯನ್ನು ತಿರುವಿ ತಿರುವಿ ನೋಡಿದೆ, ಸಿಗಲಿಲ್ಲ. ಅದೇ ವಾರ ಪರಿಚಯದವರೊಬ್ಬರು, ಎದುರು ಮಾತಾಡಿದ ಮಗಳ ಬಗ್ಗೆ ‘ಇವಳಿಗೆ ಆತ್ಮಗೌರವ ಸ್ವಲ್ಪ ಜಾಸ್ತಿ’ ಎಂದರು. ಒಂದೇ ಪದಕ್ಕೆ ಅಲ್ಲಿ ಅಲಂಕಾರವೆಂಬ ಅರ್ಥ, ಇಲ್ಲಿ ಅಹಂಕಾರವೆಂಬ ಅರ್ಥ. ಇಷ್ಟು ಸಲ ನೋಡಿದ ಮೇಲೂ ಸುಮ್ಮನಿರುವುದು ಸರಿಯಲ್ಲ ಅನ್ನಿಸಿತು.

ಗೌರವದಿಂದಲೇ ಶುರುಮಾಡೋಣ. ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕಿದವರಿಗೆಲ್ಲ ಗುರು, ಲಘು ಗೊತ್ತು. ಗುರು ಎಂದರೆ ಭಾರವಾದದ್ದು, ಲಘು ಎಂದರೆ ಹಗುರವಾದದ್ದು. ಗುರುತ್ವಾಕರ್ಷಣೆಯಲ್ಲಿ ಇರುವುದೂ ಇದೇ ಗುರು. ಲಘುವಿನಿಂದ ಲಾಘವ ಬಂದ ಹಾಗೆಯೇ ಗುರುವಿನಿಂದ ಗೌರವ ಬಂತು. ಅಂದರೆ ಗೌರವದ ಮೂಲ ಅರ್ಥ ಭಾರ, ತೂಕ. ಸಂಸ್ಕೃತದ ಈ ನೆನಪು ಕನ್ನಡದ ಆಡುಮಾತಿನಲ್ಲೂ ಜೀವಂತವಾಗಿದೆ. ‘ಅವರ ಮಾತಿಗೆ ತೂಕ ಇದೆ’ ಅನ್ನುತ್ತೇವೆ, ‘ತೂಕದ ಮನುಷ್ಯ’ ಅನ್ನುತ್ತೇವೆ. ಯಾರಾದರೂ ಅಗೌರವ ತೋರಿದರೆ ‘ಹಗುರವಾಗಿ ಮಾತಾಡಬೇಡ’ ಎಂದು ತಡೆಯುತ್ತೇವೆ. ಈ ಲೆಕ್ಕದಲ್ಲಿ ಆತ್ಮಗೌರವವೆಂದರೆ ತನ್ನ ಕಣ್ಣಿನಲ್ಲಿ ತನಗಿರುವ ತೂಕ. ನಾನು ಈ ಪದವನ್ನು ಇಷ್ಟು ಹಟ ಹಿಡಿದು ಕಾಯುವುದಕ್ಕೆ ಕಾರಣ ಇಲ್ಲೇ ಇದೆ. ದಿನಾ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತು, ಅದು ತೋರಿಸಿದ ಅಂಕಿ ನೋಡಿ ಆ ದಿನ ತಾನೆಷ್ಟು ಒಳ್ಳೆಯವಳು ಎಂದು ತೀರ್ಮಾನಿಸುವ ಹದಿನಾಲ್ಕರ ಹುಡುಗಿ, ಮೈತೂಕ ಇಳಿದರೆ ತನ್ನ ತೂಕ ಏರುತ್ತದೆಂದು ನಂಬಿದ್ದಾಳೆ. ಎರಡು ತೂಕಗಳು ಅವಳ ಮನಸ್ಸಿನಲ್ಲಿ ಒಂದಕ್ಕೊಂದು ಗಂಟುಬಿದ್ದಿವೆ. ಆತ್ಮಗೌರವ ಬೆಳೆಸುವುದೆಂದರೆ ಆ ಗಂಟು ಬಿಚ್ಚುವ ಕೆಲಸ. ಹೊಸ ಉಡುಪು ಆ ಗಂಟನ್ನು ಮುಚ್ಚುತ್ತದೆ, ಬಿಚ್ಚುವುದಿಲ್ಲ.

ಸ್ವಾಭಿಮಾನದ ಜೊತೆಗಿನ ಗೊಂದಲ ಹಳೆಯದು. ಅಭಿಮಾನದಲ್ಲಿರುವುದು ‘ಮನ್’ ಧಾತು, ಭಾವಿಸು, ಎಣಿಸು ಎಂಬ ಅರ್ಥದ್ದು. ಸಾಂಖ್ಯದರ್ಶನದ ಹಳೆಯ ಸಂಸ್ಕೃತ ಗ್ರಂಥ ಸಾಂಖ್ಯಕಾರಿಕೆ ಅಹಂಕಾರದ ಲಕ್ಷಣ ಹೇಳುವಾಗ ‘ಅಭಿಮಾನೋಽಹಂಕಾರಃ’, ಅಭಿಮಾನವೇ ಅಹಂಕಾರ, ಎಂದೇ ಬಿಡುತ್ತದೆ. ಕನ್ನಡಕ್ಕೆ ಬಂದ ಮೇಲೆ ಈ ಪದ ಮೆತ್ತಗಾಯಿತು, ಪ್ರೀತಿಯ ಬಣ್ಣ ಪಡೆಯಿತು. ಈಗ ಅಭಿಮಾನಿ ಎಂದರೆ ಮೆಚ್ಚುವವನು. ಸ್ವಾಭಿಮಾನ ಮಾತ್ರ ಹಳೆಯ ಬಿಗುವನ್ನು ಸ್ವಲ್ಪ ಉಳಿಸಿಕೊಂಡಿದೆ. ಯಾರೋ ಅವಮಾನ ಮಾಡಿದಾಗ, ಕೈಚಾಚುವ ಪ್ರಸಂಗ ಬಂದಾಗ ಅದು ಎದ್ದು ನಿಲ್ಲುತ್ತದೆ. ಅದಕ್ಕೊಬ್ಬ ಎದುರಾಳಿ ಬೇಕು. ಆತ್ಮಗೌರವಕ್ಕೆ ಎದುರಾಳಿ ಬೇಕಿಲ್ಲ. ಬಾಗಿಲು ಹಾಕಿಕೊಂಡು ಒಬ್ಬಳೇ ಕೂತಾಗಲೂ ಅದು ಇರುತ್ತದೆ, ಇಲ್ಲವೇ ಇರುವುದಿಲ್ಲ. ಎದುರು ಮಾತಾಡಿದ ಆ ಹುಡುಗಿಗೆ ಆತ್ಮಗೌರವ ಜಾಸ್ತಿಯೋ ಕಡಿಮೆಯೋ ಅವಳ ಮಾತಿನ ಖಾರದಿಂದ ಗೊತ್ತಾಗುವುದಿಲ್ಲ.

ಆತ್ಮವಿಶ್ವಾಸ ಇನ್ನೂ ಬೇರೆ, ಅದು ಸಾಮರ್ಥ್ಯದ ಮಾತು. ಚರ್ಚಾಸ್ಪರ್ಧೆಯಲ್ಲಿ ವೇದಿಕೆ ಹತ್ತಿ ಗೆದ್ದು ಬಂದ ಹುಡುಗಿಯೇ ಆಮೇಲೆ ಗುಂಪಿನ ಫೋಟೋದಲ್ಲಿ ಹಿಂದಿನ ಸಾಲಿಗೆ ಸರಿದು, ಮುಂದಿನವಳ ಭುಜದ ಮರೆಯಲ್ಲಿ ಮುಖ ಅಡಗಿಸುವುದನ್ನು ಕಂಡಿದ್ದೇನೆ. ಮಾತಾಡಬಲ್ಲೆ ಎಂಬ ವಿಶ್ವಾಸ ಅವಳಲ್ಲಿ ತುಂಬಿದೆ. ಇದ್ದ ಹಾಗೆ ಕಾಣಿಸಿಕೊಳ್ಳಲು ತಾನು ಯೋಗ್ಯಳು ಎಂಬ ಭಾವ ಮಾತ್ರ ಇಲ್ಲ. ಇಂಥವಳಿಗೆ ‘ಆತ್ಮವಿಶ್ವಾಸ ಬೆಳೆಸಿಕೋ’ ಎಂದು ಉಪದೇಶಿಸಿದರೆ ಅವಳು ಇನ್ನೊಂದು ಸ್ಪರ್ಧೆ ಗೆದ್ದು ಬರುತ್ತಾಳೆ, ಫೋಟೋದಲ್ಲಿ ಮತ್ತೆ ಅದೇ ಹಿಂದಿನ ಸಾಲು.

ಆತ್ಮಗೌರವಕ್ಕೆ ಇಂಗ್ಲಿಷಿನಲ್ಲಿ ಸೆಲ್ಫ್ ಎಸ್ಟೀಮ್ ಅನ್ನುತ್ತಾರೆ. ಆ ಎಸ್ಟೀಮ್ ಪದವೂ ತೂಗುವ, ಬೆಲೆಕಟ್ಟುವ ಕುಲದ್ದೇ. ಅದೂ ಎಸ್ಟಿಮೇಟ್ ಪದವೂ ಒಂದೇ ಲ್ಯಾಟಿನ್ ಕ್ರಿಯಾಪದದ ಸಂತಾನ. ಸೆಲ್ಫ್ ಎಸ್ಟೀಮ್ ಅನ್ನು ಮನಶ್ಶಾಸ್ತ್ರದ ಮಾತಾಗಿ ನೆಲೆಗೊಳಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿ ಅದನ್ನೊಂದು ಭಿನ್ನರಾಶಿಯಾಗಿ ಬರೆದರು. ಮೇಲೆ ಸಾಧನೆ, ಕೆಳಗೆ ಹಂಬಲ. ಸಾಧನೆ ಹೆಚ್ಚಿದರೂ ಬೆಲೆ ಏರುತ್ತದೆ, ಹಂಬಲ ತಗ್ಗಿದರೂ ಏರುತ್ತದೆ. ಎಳೆಯರಾಗಿರಬೇಕು, ತೆಳ್ಳಗಿರಬೇಕು ಎಂಬ ಹಟವನ್ನು ಕೈಬಿಟ್ಟ ದಿನ ಎಷ್ಟು ಹಾಯಾಗಿರುತ್ತದೆ ಎಂದು ಉದಾಹರಣೆ ಕೊಟ್ಟವರೂ ಅವರೇ. ತೆಳ್ಳಗಾಗುವ ಹಟ ಇಂದು ನಿನ್ನೆಯದಲ್ಲ ಎಂಬುದಕ್ಕೆ ಇಷ್ಟು ಸಾಕು.

1965ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ ನ್ಯೂಯಾರ್ಕ್ ರಾಜ್ಯದ 5,000ಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದ ಆತ್ಮಗೌರವದ ಅಳತೆಗೋಲು ಇವತ್ತಿಗೂ ಬಳಕೆಯಲ್ಲಿದೆ. ಅದರಲ್ಲಿರುವುದು 10 ಹೇಳಿಕೆಗಳು. ಉಳಿದವರಷ್ಟೇ ನಾನೂ ಬೆಲೆಯುಳ್ಳವಳು, ಒಟ್ಟಾರೆ ನನ್ನ ಬಗ್ಗೆ ನನಗೆ ಸಮಾಧಾನವಿದೆ ಎಂಬ ಧಾಟಿಯವು. ರೂಪ, ಬಣ್ಣ, ಎತ್ತರ, ತೂಕದ ಬಗ್ಗೆ ಒಂದೇ ಒಂದು ಹೇಳಿಕೆಯೂ ಇಲ್ಲ. ಶಿಬಿರ ನಡೆಸುವವರು ಈ ಹತ್ತು ಸಾಲನ್ನು ಒಮ್ಮೆ ಓದಬೇಕು. ರೋಸೆನ್‌ಬರ್ಗ್ ಇನ್ನೊಂದು ಮಾತನ್ನೂ ಬಿಡಿಸಿ ಹೇಳಿದ್ದರು. ಆತ್ಮಗೌರವ ಇರುವವರು ತಾವು ಬೇರೆಯವರಿಗಿಂತ ಮೇಲು ಎಂದುಕೊಳ್ಳುವವರಲ್ಲ, ‘ನಾನು ಇಷ್ಟಿದ್ದರೆ ಸಾಕು’ ಅನ್ನುವವರು. ಕೀಳರಿಮೆಗೆ ವಿರುದ್ಧಪದ ಮೇಲರಿಮೆ ಎಂದು ಪಟ್ಟಿಯಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ದಾರಿ ತಪ್ಪಿಸುತ್ತದೆ. ಇನ್ನೊಬ್ಬಳನ್ನು ಪಕ್ಕದಲ್ಲಿ ನಿಲ್ಲಿಸಿಯೇ ತನ್ನ ಬೆಲೆ ತಿಳಿಯುವುದು ಈ ಎರಡೂ ಅರಿಮೆಗಳ ಸ್ವಭಾವ. ಆ ಪಕ್ಕದವಳು ಬೇಕಾಗದ ಸ್ಥಿತಿ ಆತ್ಮಗೌರವ.

ಈಗ ದೇಹಬಿಂಬ. ಬಾಡಿ ಇಮೇಜ್ ಎಂದೇ ಎಲ್ಲರ ಬಾಯಲ್ಲಿ ಇದೆ, ಹಾಗೇ ಇರಲಿ. ಆದರೆ ‘ಬಾಡಿ ಇಮೇಜ್ ಸುಧಾರಿಸಲು ಇಂಥ ವ್ಯಾಯಾಮ ಮಾಡಿ’ ಎಂದು ಬರೆಯುವವರು ಬಾಡಿಯನ್ನು ಮಾತ್ರ ಓದಿದ್ದಾರೆ, ಇಮೇಜ್ ಅನ್ನು ಬಿಟ್ಟಿದ್ದಾರೆ. 1935ರಲ್ಲಿ ಮನೋವೈದ್ಯ ಪೌಲ್ ಶಿಲ್ಡರ್ ಇದನ್ನು ನಮ್ಮ ಮನಸ್ಸಿನಲ್ಲಿ ನಾವು ಕಟ್ಟಿಕೊಳ್ಳುವ ನಮ್ಮ ದೇಹದ ಚಿತ್ರ ಎಂದು ವಿವರಿಸಿದರು. ಕನ್ನಡಿಯಲ್ಲಿ ಕಾಣುವುದು ಪ್ರತಿಬಿಂಬ, ಅದನ್ನು ನೋಡುವ ಮೊದಲೇ ಮನಸ್ಸಿನಲ್ಲಿ ಕೂತಿರುವುದು ದೇಹಬಿಂಬ. ಕಾಲು ಕಳೆದುಕೊಂಡವರಿಗೆ ಇಲ್ಲದ ಕಾಲಿನಲ್ಲಿ ನೋವು ಕಾಣಿಸಿಕೊಳ್ಳುವುದುಂಟು. ದೇಹ ಬದಲಾದರೂ ಒಳಗಿನ ಚಿತ್ರ ಹಾಗೇ ಉಳಿದಿರುತ್ತದೆ. ಹುಡುಗಿಯರಲ್ಲೂ ಹೀಗೇ. ಹತ್ತು ಕಿಲೋ ಇಳಿಸಿದವಳ ಒಳಗಿನ ಚಿತ್ರ ಒಂದು ಗ್ರಾಮೂ ಇಳಿಯದೆ ಇರಬಹುದು. ದೇಹ ಇದ್ದ ಹಾಗೇ ಇದ್ದು ಚಿತ್ರ ಮಾತ್ರ ಹಿತವಾಗುವುದೂ ಸಾಧ್ಯ.

ಒಳಗಿನ ಚಿತ್ರವನ್ನು ಹಿತವಾಗಿಟ್ಟುಕೊಳ್ಳುವುದು ಹುಡುಗಿಯರಿಗೆ ಅಷ್ಟು ಕಷ್ಟವಾಗುವುದೇಕೆ ಎಂಬುದಕ್ಕೆ ಕಾರಣ ಭಾಗಶಃ ದೇಹದ ಕಾಲಗಣನೆಯಲ್ಲಿದೆ. ‘ಹದಿಹರೆಯ’ ಪದದ ಹದಿ ಶುರುವಾಗುವುದು ಹದಿಮೂರಕ್ಕೆ. ದೇಹ ಅಲ್ಲಿಯವರೆಗೆ ಕಾಯುವುದಿಲ್ಲ. ಹುಡುಗಿಯರಲ್ಲಿ ಬದಲಾವಣೆ ಸಾಮಾನ್ಯವಾಗಿ 8ರಿಂದ 13 ವರ್ಷದ ನಡುವೆ ಆರಂಭವಾಗುತ್ತದೆ. ಎತ್ತರ ಅತಿ ವೇಗವಾಗಿ ಏರುವುದು ಸರಾಸರಿ 12ರ ಆಸುಪಾಸಿನಲ್ಲಿ, ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲು. ಇದೇ ಹೊತ್ತಿಗೆ ಸೊಂಟ, ತೊಡೆ, ಎದೆಯಲ್ಲಿ ಕೊಬ್ಬು ಸೇರುತ್ತದೆ. ಇದು ಬೆಳವಣಿಗೆಯ ಭಾಗ, ಆಗಲೇಬೇಕಾದದ್ದು. ತೆಳ್ಳಗಿರುವುದೇ ಚೆಂದ ಎಂದು ಸುತ್ತಲೂ ಕೂಗುವಾಗ ಅವಳ ದೇಹ ತನ್ನ ಧರ್ಮದಂತೆ ಅಗಲವಾಗುತ್ತಿರುತ್ತದೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂಬ ಭಾವವೂ ಈ ವಯಸ್ಸಿಗೇ ಬರುತ್ತದೆ. ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕಿಂಡ್ 1967ರಲ್ಲಿ ಅದಕ್ಕೆ ‘ಕಲ್ಪಿತ ಪ್ರೇಕ್ಷಕರು’ ಎಂಬರ್ಥದ ಹೆಸರಿಟ್ಟರು. ಮೈ ಹೀಗೆ ಬದಲಾಗುತ್ತದೆಂದು ಮೊದಲೇ ತಿಳಿಸಿ ಹೇಳದೆ, ಹನ್ನೊಂದರ ಮಗುವಿನ ಎದುರು ‘ಯಾಕೋ ದಪ್ಪ ಆಗ್ತಿದ್ದಾಳೆ’ ಅನ್ನುವ ದೊಡ್ಡವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಹೊರಗಿನ ಚಿತ್ರಗಳ ಪ್ರಭಾವಕ್ಕೆ ದ್ವೀಪರಾಷ್ಟ್ರ ಫಿಜಿಯ ಒಂದು ಪ್ರಾಂತ್ಯದ ಉದಾಹರಣೆ ಪ್ರಸಿದ್ಧ. ಅಲ್ಲಿಗೆ ಟಿವಿ ಬಂದದ್ದು 1995ರಲ್ಲಿ. ಅದು ಬಂದ ಕೆಲವೇ ವಾರಗಳಲ್ಲಿ ಒಮ್ಮೆ, ಮತ್ತೆ 1998ರಲ್ಲಿ ಇನ್ನೊಮ್ಮೆ, ಸಂಶೋಧಕಿ ಆನ್ ಬೆಕರ್ ಅವರ ತಂಡ ಶಾಲಾ ಹುಡುಗಿಯರ ಸಮೀಕ್ಷೆ ಮಾಡಿತು. ಊಟದ ಬಗೆಗಿನ ಮನೋಭಾವ ಕೆಟ್ಟಿರುವ ಸೂಚನೆ ತೋರಿದವರು ಶೇ. 12.7ರಿಂದ ಶೇ. 29.2ಕ್ಕೆ ಏರಿದ್ದರು. ಮೂರೇ ವರ್ಷ. ಅದೂ ಕೈಯಲ್ಲಿ ಫೋನ್ ಇಲ್ಲದ ಕಾಲ.

‘ಪಾಸಿಟಿವ್’ ಎಂಬ ವಿಶೇಷಣವೂ ಕೆಟ್ಟಿದೆ. ಕನ್ನಡಿ ಮುಂದೆ ನಿಂತು ‘ನಾನು ಸುಂದರಿ’ ಎಂದು ದಿನಾ ಹತ್ತು ಸಲ ಹೇಳಿಕೊಳ್ಳುವುದೇ ಪಾಸಿಟಿವ್ ಬಾಡಿ ಇಮೇಜ್ ಅಂದುಕೊಂಡಿದ್ದಾರೆ. ಮನಶ್ಶಾಸ್ತ್ರಜ್ಞೆ ಸೂಸನ್ ಹಾರ್ಟರ್ ದಶಕಗಳ ಕಾಲ ಮಕ್ಕಳನ್ನು ಅಧ್ಯಯನ ಮಾಡಿ ಕಂಡುಕೊಂಡದ್ದು ಇದಕ್ಕೆ ತಕ್ಕ ಉತ್ತರ. ಓದು, ಆಟ, ಗೆಳೆತನ ಎಲ್ಲಕ್ಕಿಂತ ಹದಿಹರೆಯದವರ ಆತ್ಮಗೌರವಕ್ಕೆ ಹೆಚ್ಚು ಅಂಟಿಕೊಂಡದ್ದು ತನ್ನ ರೂಪದ ಬಗ್ಗೆ ತನಗಿರುವ ಅಭಿಪ್ರಾಯ. ಆದರೆ ರೂಪವೇ ತನ್ನ ಬೆಲೆಯನ್ನು ತೀರ್ಮಾನಿಸುತ್ತದೆ ಎಂದವರ ಸ್ಥಿತಿ, ತನ್ನ ಬಗ್ಗೆ ಹಿತವೆನಿಸಿದರೆ ರೂಪವೂ ಹಿತವೆನಿಸುತ್ತದೆ ಎಂದವರಿಗಿಂತ ಕೆಟ್ಟದಾಗಿತ್ತು. ಸುಂದರಿ ಸುಂದರಿ ಎಂದು ಜಪಿಸುವವಳು ರೂಪದ ತಕ್ಕಡಿಯಿಂದ ಇಳಿದಿಲ್ಲ, ಅಂಕಿ ಬದಲಾಗಲಿ ಎಂದು ಬೇಡಿಕೊಳ್ಳುತ್ತಿದ್ದಾಳೆ.

ಮನೆಯಲ್ಲಿ ನಡೆಯುವ ಮಾತು ನೋಡಿ. ಮಗಳು ಕೇಳುತ್ತಾಳೆ, ‘ಅಮ್ಮಾ, ನಾನು ದಪ್ಪ ಆಗಿದ್ದೀನಿ ಅಲ್ವಾ?’ ಅಮ್ಮ ಹೇಳುತ್ತಾಳೆ, ‘ಇಲ್ಲ ಕಣೇ, ಸರಿಯಾಗೇ ಇದ್ದೀಯ.’ ಪ್ರೀತಿಯ ಮಾತೇ, ಸಂಶಯವಿಲ್ಲ. ಆದರೆ ದಪ್ಪವಾಗಿದ್ದರೆ ಸರಿಯಿಲ್ಲ ಎಂಬುದನ್ನು ಆ ಉತ್ತರ ಸದ್ದಿಲ್ಲದೆ ಒಪ್ಪಿಕೊಂಡಿತು. 1990ರ ದಶಕದಲ್ಲಿ ಹದಿಹರೆಯದ ಹುಡುಗಿಯರ ಮಾತುಕತೆಯನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಮಿಮಿ ನಿಕ್ಟರ್, ‘ನಾನು ದಪ್ಪ’ ಎಂಬ ಮಾತು ಬಹಳ ಸಲ ತೂಕದ ಮಾತೇ ಅಲ್ಲ ಎಂದು ಗುರುತಿಸಿದರು. ಬೇಸರವಾಗಿದೆ, ನನ್ನನ್ನು ಸೇರಿಸಿಕೊಳ್ಳಿ, ಧೈರ್ಯ ಹೇಳಿ ಎಂಬುದಕ್ಕೆಲ್ಲ ಅವರು ಅದೇ ಮಾತು ಬಳಸುತ್ತಿದ್ದರು. ಹಾಗಾಗಿ ‘ಯಾರಾದರೂ ಏನಾದರೂ ಅಂದರಾ ಪುಟ್ಟಾ? ಇವತ್ತು ಏನಾಯ್ತು?’ ಎಂದು ಪಕ್ಕ ಕೂತು ಕೇಳುವ ಅಮ್ಮ ಆ ಪ್ರಶ್ನೆಯ ಒಳಗನ್ನು ಮುಟ್ಟುತ್ತಾಳೆ. ಅದೇ ಅಮ್ಮ ಕನ್ನಡಿ ಮುಂದೆ ನಿಂತಾಗ ತನ್ನ ಹೊಟ್ಟೆಯನ್ನು ತಾನೇ ಬೈದುಕೊಳ್ಳದಿದ್ದರೆ ಇನ್ನೂ ಒಳ್ಳೆಯದು, ಮಗಳು ಅದನ್ನೂ ಕೇಳಿಸಿಕೊಳ್ಳುತ್ತಿರುತ್ತಾಳೆ. ಊಟ ಬಿಡುವುದು, ತಿಂದದ್ದನ್ನು ಮುಚ್ಚಿಡುವುದು, ಮುಟ್ಟು ನಿಲ್ಲುವುದು ಕಂಡರೆ ಮಾತು ಸಾಲದು, ವೈದ್ಯರ ಬಳಿ ಹೋಗಬೇಕು.

ಶಿಬಿರಗಳ ವಿಷಯದಲ್ಲೂ ಕೆಲಸ ಮಾಡಿ ತೋರಿಸಿದ ವಿಧಾನ ಒಂದಿದೆ. ಮನಶ್ಶಾಸ್ತ್ರಜ್ಞ ಎರಿಕ್ ಸ್ಟೈಸ್ ಮತ್ತು ಸಂಗಡಿಗರ ಕಾರ್ಯಕ್ರಮದಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ತೆಳ್ಳಗಿನ ಆದರ್ಶದ ವಿರುದ್ಧ ಹುಡುಗಿಯರೇ ವಾದಿಸುತ್ತಾರೆ, ತಮಗಿಂತ ಕಿರಿಯವಳಿಗೆ ಪತ್ರ ಬರೆಯುತ್ತಾರೆ. ತನ್ನ ಬಾಯಿಂದಲೇ ಹೇಳಿದ್ದಕ್ಕೂ ತಾನು ನಂಬಿದ್ದಕ್ಕೂ ತಾಳೆಯಾಗದಿದ್ದಾಗ ಮನಸ್ಸು ನಂಬಿಕೆಯನ್ನೇ ಸಡಿಲಿಸುತ್ತದೆ. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ವಿವರಿಸಿದ ತತ್ತ್ವವೇ ಇದರ ಬುಡ.

ಕನ್ನಡದ ‘ಮೈ’ ಪದಕ್ಕೂ ಇಲ್ಲಿ ಜಾಗ ಕೊಡಬೇಕು. ಮೈಬಣ್ಣ, ಮೈಕಟ್ಟು ಎಂಬ ನೋಟದ ಮಾತುಗಳಿವೆ, ನಿಜ. ಅದರ ಪಕ್ಕದಲ್ಲೇ ಮೈದಡವು, ಮೈಮುರಿ, ಮೈಗೂಡು, ಮೈಕೊಡವು, ಮೈಚಳಿ ಬಿಡು ಎಂದು ಸಾಲುಸಾಲು. ಇವುಗಳಲ್ಲಿ ಮೈ ಏನೋ ಮಾಡುತ್ತದೆ, ಏನೋ ಅನುಭವಿಸುತ್ತದೆ, ಯಾರ ಕಣ್ಣಿಗೂ ಪ್ರದರ್ಶನಕ್ಕಿಲ್ಲ. ಒಂಬತ್ತು ವರ್ಷದವಳು ಮೈಮರೆತು ಓಡುತ್ತಾಳೆ. ಹದಿಮೂರಕ್ಕೆ ಬಂದಾಗ ಓಡುವಾಗ ತಾನು ಹೇಗೆ ಕಾಣುತ್ತೇನೆಂದು ನೆನಪಾಗಿ ನಿಂತುಬಿಡುತ್ತಾಳೆ.

ಆಹ್ವಾನಪತ್ರಿಕೆ ಕಳಿಸಿದವರಿಗೆ ಉತ್ತರ ಬರೆದಿದ್ದೇನೆ. ಆ ಮೂರು ಅವಧಿಗಳನ್ನು ಉಳಿಸಿಕೊಳ್ಳುವುದಾದರೆ ಶಿಬಿರದ ಹೆಸರು ಬದಲಿಸಿ. ಹೆಸರು ಉಳಿಸಿಕೊಳ್ಳುವುದಾದರೆ ಮೊದಲ ಅವಧಿಯಲ್ಲಿ ಹುಡುಗಿಯರು ಮಾತಾಡಲಿ, ಎರಡನೆಯದರಲ್ಲಿ ಓಡಲಿ.