ಮಳೆಗೆ ಮುಂಚೆ ಮರದ ಬುಡ ನೋಡಿ

ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ ಒಂದು ಜೋರು ಗಾಳಿಮಳೆ ಬಂತು ಅಂದರೆ ಮಾರನೇ ದಿನದಿಂದ ನನಗೆ ಫೋನ್ ಶುರು. "ಸಾರ್, ಮನೆ ಮುಂದೆ ದೊಡ್ಡ ಮರ ಇದೆ, ಭಯ ಆಗ್ತಿದೆ, ಅರ್ಧಕ್ಕೆ ಕಡಿಸಿಬಿಡೋಣವಾ?" ಯಲಹಂಕ ಉಪನಗರ, ಕೆಂಗೇರಿ ಉಪನಗರ, ವಿದ್ಯಾರಣ್ಯಪುರ, ಎಲ್ಲ ಕಡೆಯಿಂದಲೂ ಇದೇ ಮಾತು. ಅವರ ಭಯ ಸುಳ್ಳಲ್ಲ. ಆದರೆ ಎಲ್ಲರೂ ನೋಡುವುದು ಮೇಲೆ, ಕೊಂಬೆ ಕಡೆ. ನಾನು ಹೋದ ತಕ್ಷಣ ಕೂತು ನೋಡುವುದು ಬುಡವನ್ನು. ಬುಡಸಮೇತ ಉರುಳುವ ಮರಕ್ಕೆ ಬೇರಿನ ಹಿಡಿತ ಎಂದೋ ತಪ್ಪಿರುತ್ತದೆ, ತಪ್ಪಿಸಿದವರು ಬಹಳ ಸಲ ನಾವೇ.

ತಾಯಿಬೇರು ಆಳಕ್ಕೆ ಇಳಿದಿದೆ, ಮೇಲೆ ಏನು ಮಾಡಿದರೂ ಮರಕ್ಕೆ ಏನಾಗಲ್ಲ ಅಂತ ಜನ ನಂಬಿದ್ದಾರೆ. ಬೆಳೆದ ಮರದಲ್ಲಿ ನೀರು, ಗೊಬ್ಬರ ಹೀರುವ ಬೇರು ಹೆಚ್ಚಾಗಿ ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತದೆ. ಅಗಲಕ್ಕೆ ನೋಡಿದರೆ ನೆರಳು ಬೀಳುವ ಜಾಗವನ್ನೂ ದಾಟಿ ಹೋಗಿರುತ್ತದೆ. ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಫುಟ್‌ಪಾತ್ ಮಾಡುವವರು ತೊಗಟೆಗೆ ತಾಗುವಂತೆ ಸಿಮೆಂಟ್ ಸುರಿದು ಟೈಲ್ಸ್ ಕೂರಿಸಿಬಿಟ್ಟರೆ ಎರಡೂ ನಿಂತುಹೋಗುತ್ತವೆ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು, ಬುಡದ ಸುತ್ತ 1 ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂತ. ನನ್ನನ್ನು ಕೇಳಿದರೆ ಅದು ತೀರಾ ಕನಿಷ್ಠ.

ನಮ್ಮ ಬಡಾವಣೆಗಳ ಎಷ್ಟೋ ಮರಗಳು 1980ರ ದಶಕದವು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಊರ ತುಂಬಾ ಲಕ್ಷಗಟ್ಟಲೆ ಗಿಡ ನೆಟ್ಟ ಕಾಲ ಅದು. ಆ ಗಿಡಗಳಿಗೆ ಈಗ ನಲವತ್ತು ವರ್ಷ, ಮರಕ್ಕೆ ಇದು ವಯಸ್ಸೇ ಅಲ್ಲ. ಆದರೆ ಈ ನಲವತ್ತು ವರ್ಷದಲ್ಲಿ ಚರಂಡಿಗೆ ಒಂದು ಸಲ, ನೀರಿನ ಪೈಪಿಗೆ ಒಂದು ಸಲ, ಕೇಬಲ್ಲಿಗೆ ಇನ್ನೊಂದು ಸಲ ಅಂತ ಅದೇ ಬುಡವನ್ನು ಮತ್ತೆ ಮತ್ತೆ ಅಗೆದಿದ್ದೇವೆ.

ಒಂದು ಹೊಂಗೆ ಮರದ ಕಥೆ ಹೇಳುತ್ತೇನೆ. ಗೆದ್ದಲು ಹಿಡಿದಿದೆ, ಕಡಿಸಬೇಕು ಅಂತ ಮನೆಯವರು ಕರೆದಿದ್ದರು. ಗೆದ್ದಲಿನ ಮಣ್ಣನ್ನು ಉಗುರಲ್ಲಿ ಕೆರೆದು ನೋಡಿದೆ. ಅದು ತಿಂದಿದ್ದು ಒಣ ತೊಗಟೆ ಮಾತ್ರ, ಒಳಗೆ ಹಸಿ ಹಾಗೇ ಇತ್ತು. ತುದಿಯ ರೆಂಬೆಗಳು ಮಾತ್ರ ಒಣಗುತ್ತಿದ್ದವು, ಎಲೆ ತೆಳ್ಳಗಾಗಿತ್ತು. ರಸ್ತೆ ಕಡೆ ಹೊಸ ಚರಂಡಿಗೆ ಅಂತ ಜೆಸಿಬಿ ಹಾಕಿ ಮುಂಗೈ ದಪ್ಪದ ಬೇರುಗಳನ್ನು ಕಿತ್ತಿದ್ದರು, ತುದಿಗಳು ಸಿಬಿರು ಸಿಬಿರಾಗಿ ಮಣ್ಣಿಂದ ಆಚೆ ಬಂದಿದ್ದವು. ಮನೆ ಕಡೆ ಕಾರು ಹತ್ತಿಸುವ ರ‍್ಯಾಂಪ್. ಉಳಿದ ಕಡೆ ಸಿಮೆಂಟು, ಅದರ ಅಂಚಿನ ಮೇಲೆ ತೊಗಟೆ ಉಬ್ಬಿ ಕೂತಿತ್ತು. ಅಂದರೆ ವರ್ಷಗಳಿಂದ ಜಾಗಕ್ಕಾಗಿ ಒದ್ದಾಡುತ್ತಿತ್ತು, ಪಾಪ. ಉಳಿ ಸುತ್ತಿಗೆಯಿಂದಲೇ ನಿಧಾನವಾಗಿ ಸಿಮೆಂಟ್ ಒಡೆಸಿದೆವು. ಸಿಬಿರೆದ್ದ ಬೇರುಗಳನ್ನು ಗರಗಸದಿಂದ ನೀಟಾಗಿ ಕತ್ತರಿಸಿ ಮಣ್ಣು ಮುಚ್ಚಿ, ಸಿಕ್ಕ ಮೂರು ಅಡಿ ಜಾಗದಲ್ಲಿ ಮಣ್ಣು ಸಡಿಲಿಸಿ, ಎಲೆಗೊಬ್ಬರ ಹಾಕಿ, ಮೇಲೆ ತರಗೆಲೆ ಹೊದಿಸಿದೆವು. ಬೇಸಿಗೆ ಪೂರ್ತಿ ವಾರಕ್ಕೊಂದು ಸಲ ನೀರು ಹಾಕಿದ್ದು ಆ ಮನೆಯ ಅಜ್ಜಿ. ಮುಂದಿನ ಯುಗಾದಿ ಹೊತ್ತಿಗೆ ತುಂಬಾ ಚಿಗುರು ಬಂತು. ಆದರೂ ರಸ್ತೆ ಕಡೆಯ ಹಿಡಿತ ಮೊದಲಿನಂತೆ ಆಗಲ್ಲ, ಪ್ರತಿ ವರ್ಷ ಹೋಗಿ ನೋಡಲೇಬೇಕು.

ನೀವೇ ನೋಡಬಹುದಾದ ಕೆಲವು ಗುರುತುಗಳಿವೆ. ಬುಡದ ಒಂದು ಕಡೆ ಮಣ್ಣು ಬಿರುಕು ಬಿಟ್ಟಿದ್ದರೆ ಅಥವಾ ಮೇಲೆದ್ದಿದ್ದರೆ ಅದು ತುರ್ತು, ಅದೇ ದಿನ ಪಾಲಿಕೆಯ ಅರಣ್ಯ ವಿಭಾಗಕ್ಕೆ ತಿಳಿಸಿ, ಕೆಳಗೆ ಗಾಡಿ ನಿಲ್ಲಿಸಬೇಡಿ. ಬುಡದಲ್ಲಿ ಗಟ್ಟಿ ಮರದಂಥ ಅಣಬೆ ಬಂದಿದ್ದರೆ ಒಳಗೆ ಕೊಳೆತ ಶುರುವಾಗಿದೆ ಅಂತಲೇ ತಿಳಿಯಿರಿ. ಪೊಟರೆ ಇದ್ದ ಮಾತ್ರಕ್ಕೆ ಗಾಬರಿ ಬೇಡ, ಸುತ್ತಲಿನ ಗೋಡೆ ದಪ್ಪವಾಗಿ ಗಟ್ಟಿಯಾಗಿದ್ದರೆ ಮರ ಇನ್ನೂ ಬಹಳ ವರ್ಷ ನಿಲ್ಲುತ್ತದೆ. ಮೊದಲಿಂದ ವಾಲಿಕೊಂಡೇ ಬೆಳೆದ ಮರದ ತುದಿ ನೆಟ್ಟಗೆ ಮೇಲಕ್ಕೆ ತಿರುಗಿರುತ್ತದೆ. ಇತ್ತೀಚೆಗೆ ವಾಲಿದ್ದು ತುದಿವರೆಗೂ ಒಂದೇ ಕಡೆ ವಾಲಿರುತ್ತದೆ, ಭಯಪಡಬೇಕಾದ್ದು ಅದಕ್ಕೆ.

ಇನ್ನು ಕಡಿಯುವ ವಿಷಯ. ಕರೆಂಟ್ ತಂತಿಗೆ ತಾಗುತ್ತೆ ಅಂತ ಒಂದೇ ಕಡೆ ಮಚ್ಚಿನಲ್ಲಿ ಸವರಿಬಿಡುತ್ತಾರೆ, ಮರದ ಭಾರವೆಲ್ಲ ಇನ್ನೊಂದು ಕಡೆ, ಆಮೇಲೆ ಗಾಳಿ ಬಂದರೆ ಬೀಳದೆ ಇನ್ನೇನಾಗುತ್ತದೆ? ತಲೆ ಪೂರ್ತಿ ಬೋಳಿಸಿದರೂ ಅಷ್ಟೇ. ಅಲ್ಲಿಂದ ಬರುವ ಹೊಸ ಕೊಂಬೆಗಳು ಬೇಗ ಉದ್ದವಾಗುತ್ತವೆ, ಆದರೆ ಮರಕ್ಕೆ ಗಟ್ಟಿಯಾಗಿ ಕೂಡಿರುವುದಿಲ್ಲ. ಒಂದು ಸಲಕ್ಕೆ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಹಸಿರು ತೆಗೆಯಬಾರದು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಇರುತ್ತದೆ, ಅದನ್ನು ಮುಟ್ಟದೆ ಅದರ ಪಕ್ಕದಲ್ಲೇ ಗರಗಸ ಹಾಕಬೇಕು. ಗಾಯ ಮುಚ್ಚಿಕೊಳ್ಳುವ ಶಕ್ತಿ ಇರುವುದು ಆ ಉಬ್ಬಿನಲ್ಲಿ. ಮೊಂಡು ಬಿಟ್ಟರೆ ಕೊಳೆಯುತ್ತದೆ. ಟಾರು, ಪೇಂಟು ಸುಮ್ನೆ ಬಳಿಯಬೇಡಿ, ಅದರಿಂದ ಕೊಳೆತ ನಿಲ್ಲಲ್ಲ.

ಕಾನೂನೂ ಗೊತ್ತಿರಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ನಿಮ್ಮ ಕಾಂಪೌಂಡ್ ಒಳಗಿನ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ ಥರದ ಕೆಲವಕ್ಕೆ ಮಾತ್ರ ವಿನಾಯಿತಿ. ಅಧಿಕಾರಿ ಬಂದು ಮರ ನೋಡಬೇಕು. ನಿಮ್ಮ ಬೀದಿಯಲ್ಲಿ ಯಾರಾದರೂ ಮರ ಕಡಿಯಲು ಬಂದರೆ ಅನುಮತಿ ಪತ್ರ ತೋರಿಸಿ ಅಂತ ಧೈರ್ಯವಾಗಿ ಕೇಳಿ. ಟೈಲ್ಸ್ ಎತ್ತಿದೆ ಅಂತ ಬೇರು ಕತ್ತರಿಸಲು ಬಂದವರಿಗೆ, ಅಲ್ಲಿ ಟೈಲ್ಸ್ ತೆಗೆದು ಮರಳು ಹಾಕಿ ಸ್ವಲ್ಪ ಏರಿಸಿ ಕೂರಿಸಿ ಅಂತ ಹೇಳಿ. ಪೈಪ್ ಹಾಕುವವರು ಬೇರಿನ ಕೆಳಗೆ ಕೈಯಲ್ಲಿ ತೋಡಿ ತೂರಿಸಬಹುದು. ಅರ್ಧ ದಿನ ಜಾಸ್ತಿ ಹಿಡಿಯುತ್ತದೆ, ಅಷ್ಟೇ ಅಲ್ವಾ?

ಹಾಗೇ, ಗಿಡ ಚಿಕ್ಕದಿದ್ದಾಗ ಹಾಕಿದ ಕಬ್ಬಿಣದ ಗಾರ್ಡ್ ಇನ್ನೂ ಇದ್ದರೆ ಈ ವಾರವೇ ಬಿಚ್ಚಿಸಿ. ತೊಗಟೆ ಆಗಲೇ ಕಂಬಿಯನ್ನು ನುಂಗಿದ್ದರೆ ಎಳೆಯಬೇಡಿ, ಹೊರಗಿರುವಷ್ಟನ್ನು ವೆಲ್ಡಿಂಗ್ ಅಂಗಡಿಯವರಿಂದ ಕಟ್ ಮಾಡಿಸಿ ಉಳಿದದ್ದನ್ನು ಒಳಗೇ ಬಿಟ್ಟುಬಿಡಿ.